ಕರದಂಟಿನ ಮೇಲೆ ಸುಳ್ಳು ಆರೋಪ

ಗೋಕಾಕ ಕರದಂಟಿನ ಊರು. ಮೂಡಲಗಿಯ ಸುತ್ತ ಕಬ್ಬಿನ ಹೊಲಗಳು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆ. ಇಂಥ ಸೀಮೆಯಲ್ಲಿ ಮಧುಮೇಹವಿರುವ ಹುಡುಗಿಯ ರಕ್ತದ ಸಕ್ಕರೆ ಏರಿತೆಂದರೆ ಮನೆಯವರ ಮೊದಲ ಪ್ರಶ್ನೆ, ‘ಕದ್ದು ಕರದಂಟು ತಿಂದೀಯೇನವಾ?’ ಹುಡುಗಿ ಇಲ್ಲವೆಂದರೆ ಯಾರೂ ನಂಬುವುದಿಲ್ಲ. ಎಷ್ಟೋ ಸಲ ಆಕೆ ಹೇಳುವುದು ನಿಜವೇ ಆಗಿರುತ್ತದೆ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಒಂದನೇ ಬಗೆಯ ಮಧುಮೇಹ. ಇದರಲ್ಲಿ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿರುತ್ತದೆ, ಚುಚ್ಚುಮದ್ದೇ ಗತಿ. ಮೈನೆರೆಯುವ ವಯಸ್ಸಿನಲ್ಲಿ ಬೆಳವಣಿಗೆಯ ಹಾರ್ಮೋನು, ಲೈಂಗಿಕ ಹಾರ್ಮೋನುಗಳು ಉಕ್ಕಿ ಬರುತ್ತವೆ. ಅವು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತವೆ. ಎಂಟನೇ ವಯಸ್ಸಿನಲ್ಲಿ ಸಾಕಾಗುತ್ತಿದ್ದ ಪ್ರಮಾಣ ಹದಿಮೂರಕ್ಕೆ ಸಾಲದು. ಹುಡುಗಿಯರಲ್ಲಿ ಈ ಕಾಲ ಬೇಗ ಬರುತ್ತದೆ, ಅಡ್ಡಿಯೂ ತುಸು ಹೆಚ್ಚು. ಕೆಲವರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಸಕ್ಕರೆ ಏರಿ, ಆಮೇಲೆ ತಾನಾಗಿ ಇಳಿಯುತ್ತದೆ. ಆಗ ಮಾಡಬೇಕಾದ್ದು ವೈದ್ಯರನ್ನು ಕೇಳಿ ಇನ್ಸುಲಿನ್ ಹೆಚ್ಚಿಸುವುದು. ಬೆಳೆಯುವ ಮಗುವಿನ ರೊಟ್ಟಿ ಕಡಿಮೆ ಮಾಡುವುದಲ್ಲ. ಇನ್ಸುಲಿನ್ ಸಿಗುವ ಮುಂಚೆ ಇಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ದಿನ ದೂಡಿಸುವುದೇ ಚಿಕಿತ್ಸೆಯಾಗಿತ್ತು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊದಲ ಇನ್ಸುಲಿನ್ ಪಡೆದ ಲಿಯೊನಾರ್ಡ್ ಥಾಂಪ್ಸನ್ ಕೂಡ ಹದಿನಾಲ್ಕರ ಹುಡುಗ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ‘ಮೂರು ತಿಂಗಳ ಸಕ್ಕರೆ’ ಎಂದು ಜನ ಕರೆಯುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯನ್ನು. ಮೈಯಲ್ಲಿ ಕಬ್ಬಿಣದ ಕೊರತೆಯಿದ್ದರೆ ಈ ಅಂಕಿ ಇರುವುದಕ್ಕಿಂತ ಹೆಚ್ಚು ತೋರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಆದ್ದರಿಂದ ಹುಡುಗಿಯನ್ನು ಗದರುವ ಮೊದಲು ಹಿಮೋಗ್ಲೋಬಿನ್ ನೋಡಿಸುವುದು ಲೇಸು.

ಅದೇ ಮನೆಯ ಅಜ್ಜನ ಲೆಕ್ಕವೇ ಬೇರೆ. ಬಹುಪಾಲು ವಯಸ್ಕರಿಗೆ ಎಚ್‌ಬಿಎ1ಸಿ ಶೇಕಡಾ 7ರೊಳಗಿರಲಿ ಎನ್ನುವ ವೈದ್ಯರು, ನಿತ್ರಾಣರಾದ ವೃದ್ಧರಿಗೆ 8ರ ಆಸುಪಾಸನ್ನೂ ಒಪ್ಪುತ್ತಾರೆ. ಆ ವಯಸ್ಸಿನಲ್ಲಿ ಸಕ್ಕರೆ ಏಕಾಏಕಿ ಇಳಿದರೆ ತಲೆಸುತ್ತಿ ಬಿದ್ದು ಸೊಂಟದ ಮೂಳೆ ಮುರಿಯುವ ಭಯವೇ ಹೆಚ್ಚು. ಅಜ್ಜನಿಗೆ ಕೊಟ್ಟ ಸಡಿಲಿಕೆ ಮೊಮ್ಮಗಳಿಗೆ ಅನ್ವಯಿಸದು. ಅವಳ ಕಣ್ಣು, ಮೂತ್ರಪಿಂಡ ಇನ್ನೂ ಅರವತ್ತು ವರ್ಷ ಬಾಳಬೇಕು.

ಮುಂದೆ ಮದುವೆಗೆ ತೊಡಕಾದೀತೆಂದು ಕೆಲವರು ಮಗಳ ರೋಗವನ್ನು ಶಾಲೆಯಲ್ಲೂ ಮುಚ್ಚಿಡುತ್ತಾರೆ. ಆಗ ಅವಳು ಗೆಳತಿಯರೆದುರು ಚುಚ್ಚುಮದ್ದು ತೆಗೆದುಕೊಳ್ಳಲಾರದೆ ತಪ್ಪಿಸುತ್ತಾಳೆ. ಹೀಗೆ ಇನ್ಸುಲಿನ್ ನಿಂತರೆ ಒಂದೆರಡು ದಿನಗಳಲ್ಲೇ ರಕ್ತ ಆಮ್ಲವಾಗಿ ಜೀವಕ್ಕೆ ಅಪಾಯ. ಸಕ್ಕರೆ ಇಳಿದು ಬೆವತು ನಡುಗುವಾಗಲೂ ಪಕ್ಕದವರಿಗೆ ಕಾರಣ ಹೊಳೆಯುವುದಿಲ್ಲ. ತರಗತಿಯ ಶಿಕ್ಷಕರಿಗೂ ಒಬ್ಬ ಗೆಳತಿಗೂ ವಿಷಯ ತಿಳಿದಿರಲಿ. ಅವಳ ಪಾಟಿಚೀಲದಲ್ಲಿ ಸದಾ ನಾಲ್ಕು ಚಮಚ ಸಕ್ಕರೆಯ ಪೊಟ್ಟಣವಿರಲಿ. ಅದನ್ನು ಕಂಡು ಕದ್ದದ್ದೆಂದು ಯಾರೂ ಬೈಯದಿರಲಿ.