ಪೇಟೆಗಿದ್ದ ತ್ವರೆ ದುಡಿಮೆಗೇಕಿಲ್ಲ?

2020ರ ಏಪ್ರಿಲ್ 23, ಲಾಕ್‌ಡೌನಿನ ಕಾಲ. ಜನರಿಗೆ ಸಾಲ ನೀಡುವ ಬ್ಯಾಂಕೇತರ ಹಾಗೂ ಕಿರುಸಾಲ ಸಂಸ್ಥೆಗಳಿಗೆ ತಲುಪಲೆಂದು ರಿಸರ್ವ್ ಬ್ಯಾಂಕು ಹರಾಜಿಗಿಟ್ಟ 25,000 ಕೋಟಿ ರೂಪಾಯಿಗಳಲ್ಲಿ ಬ್ಯಾಂಕುಗಳು ಬೇಡಿದ್ದು 12,850 ಕೋಟಿ ಮಾತ್ರ. ಅಂದೇ ಫ್ರಾಂಕ್ಲಿನ್ ಟೆಂಪಲ್‌ಟನ್ ಆರು ಸಾಲನಿಧಿ ಯೋಜನೆಗಳನ್ನು ಮುಚ್ಚಿತು. ನಾಲ್ಕೇ ದಿನಗಳಲ್ಲಿ ಮ್ಯೂಚುಯಲ್ ಫಂಡುಗಳಿಗೆ 50,000 ಕೋಟಿಯ ವಿಶೇಷ ನೆರವು ಘೋಷಣೆಯಾಯಿತು.

ಹೂಡಿಕೆದಾರರ ರಕ್ಷಣೆ ತಪ್ಪಲ್ಲ. ನಮ್ಮವರ ಉಳಿತಾಯವೂ ಅಲ್ಲಿದೆ. ಆದರೆ ಅಂಗಡಿ, ಕಾರ್ಖಾನೆಗಳ ಪಾಲಿಗೆ ಆ ತ್ವರೆ ಏಕಿರಲಿಲ್ಲ? 2016ರಲ್ಲಿ ತಿದ್ದುಪಡಿಯಾದ ರಿಸರ್ವ್ ಬ್ಯಾಂಕ್ ಕಾಯಿದೆಯ ಪೀಠಿಕೆ ಬೆಲೆಸ್ಥಿರತೆಯನ್ನೂ ಬೆಳವಣಿಗೆಯನ್ನೂ ಹೇಳುತ್ತದೆ, ಷೇರು ಸೂಚ್ಯಂಕವನ್ನಲ್ಲ. ಕಾಲುವೆಯ ಬಾಯಿಗೆ ನೀರು ಬಿಟ್ಟು, ಗದ್ದೆ ನೆನೆಯಿತೆಂದು ಲೆಕ್ಕ ಬರೆಯುವುದು ಸಲ್ಲದು. ಬ್ಯಾಂಕುಗಳು ಅಂಜಿದಲ್ಲಿ ನಷ್ಟಭಯದ ಪಾಲು ಹೊತ್ತಾದರೂ ಸಾಲವನ್ನು ದುಡಿಯುವವರಿಗೆ ಮುಟ್ಟಿಸುವುದೇ ಕೇಂದ್ರ ಬ್ಯಾಂಕಿನ ಮೊದಲ ಧರ್ಮ.