ಚರ್ಮಗಂಟು ರೋಗ: ಸತ್ತ ದನದ ಲೆಕ್ಕ ಇದೆ, ಬಿತ್ತನೆ ತಪ್ಪಿದ ಎತ್ತಿನ ಲೆಕ್ಕ ಯಾರ ಹತ್ರ?

ಹಾವೇರಿ: ಮಳೆ ಹಿಡಿದಿದೆ. ಕೊಟ್ಟಿಗೆಗಳಲ್ಲಿ ಸೊಳ್ಳೆ, ನೊಣ ಶುರುವಾಗಿವೆ. ದಿನಾ ಬೆಳಗ್ಗೆ ದನದ ಮೈ ಸವರಿ ಗಂಟು ಎದ್ದಿದೆಯಾ ಅಂತ ನೋಡೋ ರೈತರು ಈಗಲೂ ಇದ್ದಾರೆ. 2022ರ ಭಯ ಅದು. ಆ ವರ್ಷ ಚರ್ಮಗಂಟು ರೋಗ ರಾಜ್ಯದಲ್ಲಿ ಜೋರಾಗಿ ಬಡಿದ ಜಿಲ್ಲೆಗಳಲ್ಲಿ ನಮ್ಮದೂ ಒಂದು.

ನಮ್ಮ ಮನೆಯ ಒಂದು ಎತ್ತಿಗೂ ಆಗ ಬಂದಿತ್ತು. ಮೊದಲು ಜ್ವರ, ಕಣ್ಣು-ಮೂಗಲ್ಲಿ ನೀರು. ಎರಡು ದಿನಕ್ಕೆ ಮೈತುಂಬ ಗಂಟು, ಮುಂಗಾಲು ಬಾವು. ಅಪ್ಪ ನಾಲ್ಕು ದಿನ ಯಾರಿಗೂ ಹೇಳಲಿಲ್ಲ. "ಸುಮ್ನಿರೋ, ಡೈರಿಗೆ ಗೊತ್ತಾದ್ರ ಆಕಳ ಹಾಲೂ ಹಾಕಿಸ್ಕೊಳ್ಳಂಗಿಲ್ಲ" ಅಂದ್ರು. ಆಮೇಲೆ ಡಾಕ್ಟರ್ ಬಂದ್ರು, ಎತ್ತು ಬದುಕಿತು. ಆದ್ರೆ ಹಿಂಗಾರಿ ಬಿತ್ತನೆಗೆ ನೊಗ ಹೊರಲಿಲ್ಲ. ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಬಿತ್ತಿದ್ವಿ. ಅದೇ ತಿಂಗಳು ಪಕ್ಕದ ಮನೆಯವರ ಕರು ಸತ್ತಿತು. ನಮ್ಮ ಕೊಟ್ಟಿಗೆಯಿಂದಲೇ ಹೋಯ್ತು ಅಂತ ಹೇಳೋಕೆ ಆಗಲ್ಲ. ಆದ್ರೂ ಆ ನಾಲ್ಕು ದಿನ ನನ್ನನ್ನ ಇನ್ನೂ ಕಾಡುತ್ತೆ. ಈ ರೋಗದ ವಿಷಯದಲ್ಲಿ ನಾವು ಸೋಲ್ತಿರೋದು ಇಂಥ ನಾಲ್ಕು ದಿನಗಳಲ್ಲೇ.

ಬಂದಿದ್ದು ಹೀಗೆ

ಇದು ಸಿಡುಬಿನ ಜಾತಿಗೆ ಸೇರಿದ ವೈರಸ್. 1929ರಲ್ಲಿ ಆಫ್ರಿಕಾದ ಜಾಂಬಿಯಾದಲ್ಲಿ ಮೊದಲು ಕಂಡಿತ್ತು. ಭಾರತಕ್ಕೆ 2019ರಲ್ಲಿ ಒಡಿಶಾ ಮೂಲಕ ಬಂತು, 2020ರಲ್ಲಿ ಕರ್ನಾಟಕದಲ್ಲೂ ಕಾಣಿಸಿಕೊಂಡಿತು. ಸೊಳ್ಳೆ, ಕಚ್ಚುವ ನೊಣ, ಉಣ್ಣೆ ಇದನ್ನ ಒಂದು ದನದಿಂದ ಇನ್ನೊಂದಕ್ಕೆ ದಾಟಿಸುತ್ತವೆ. ದೂರದ ಊರಿಗೆ ಒಯ್ಯೋದು ಮಾತ್ರ ನಾವೇ, ಸಂತೆಯ ಲಾರಿಯಲ್ಲಿ. ಅದಕ್ಕೇ 2022ರಲ್ಲಿ ದನದ ಸಂತೆ, ಜಾತ್ರೆಗಳಿಗೆ ತಡೆ ಬಿತ್ತು. ಆ ಒಂದೇ ವರ್ಷ ದೇಶದಲ್ಲಿ ಒಂದೂವರೆ ಲಕ್ಷದಷ್ಟು ದನಗಳು ಸತ್ತವು.

ಲೆಕ್ಕಕ್ಕೆ ಸಿಗದ ನಷ್ಟ

ಸಾಮಾನ್ಯವಾಗಿ ರೋಗ ಬಂದ ನೂರು ದನಗಳಲ್ಲಿ ಸಾಯೋದು ಒಂದರಿಂದ ಐದು. ಕರುಗಳು, ಮಿಶ್ರ ತಳಿ ಆಕಳುಗಳು ಹೆಚ್ಚು ಸೋಲುತ್ತವೆ. ಉಳಿದವು ಬದುಕುತ್ತವೆ. ಆದ್ರೆ ಹಾಲು ಇಳಿಯುತ್ತೆ, ಗಬ್ಬ ನಿಂತಿದ್ದು ಕಂದು ಹಾಕುತ್ತೆ, ಎತ್ತು ಕುಂಟುತ್ತೆ.

2022ರಲ್ಲಿ ಸರ್ಕಾರ ಸತ್ತ ಆಕಳಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ರೂಪಾಯಿ ಪರಿಹಾರ ಘೋಷಿಸಿತು. ಇವತ್ತು ಒಳ್ಳೆ ಜೋಡಿ ಎತ್ತು ಲಕ್ಷದ ಕೆಳಗೆ ಸಿಗಲ್ಲ. ಅದು ಹೋಗಲಿ ಅಂದ್ರೂ, ಬದುಕಿ ಉಳಿದು ಕೆಲಸಕ್ಕೆ ಬಾರದ ಎತ್ತಿಗೆ ಪರಿಹಾರ ಎಷ್ಟು? ಸೊನ್ನೆ. ಮೂರು ತಿಂಗಳು ಹಾಲು ಬತ್ತಿದ ಆಕಳಿಗೆ? ಅದೂ ಸೊನ್ನೆ.

ಈಗ ರೈತನ ಜಾಗದಲ್ಲಿ ನಿಂತು ನೋಡಿ. ಮೊದಲ ಗಂಟು ಕಂಡ ದಿನವೇ ಹೇಳಿದ್ರೆ ಹಾಲು ನಿಲ್ಲೋ ಭಯ, ದನ ಮಾರೋಕೆ ಆಗಲ್ಲ ಅನ್ನೋ ಭಯ, ಊರವರ ಮಾತು. ಸಿಗೋದೇನೂ ಇಲ್ಲ. ಹೇಳದೇ ಇದ್ರೆ, ದನ ಸತ್ತಾಗ ಅರ್ಜಿ ಹಾಕಬಹುದು. ಜನ ಮುಚ್ಚಿಡ್ತಾರೆ ಅಂತ ಬೈಯೋದು ಸುಲಭ. ಮುಚ್ಚಿಟ್ಟವನಿಗೆ ಕಡಿಮೆ ನಷ್ಟ ಆಗೋ ಹಾಗೆ ವ್ಯವಸ್ಥೆ ಇರೋದು ಯಾರ ತಪ್ಪು?

ಸೂಜಿ ಮೇಲಿನ ಅನುಮಾನ

"ಸೂಜಿ ಹಾಕ್ಸಿದ ಮೇಲೇ ಗಂಟು ಬಂತು" ಅನ್ನೋ ಮಾತು ಹಳ್ಳಿಗಳಲ್ಲಿ ಇನ್ನೂ ಇದೆ. ಅದಕ್ಕೆ ಕಾರಣ ಇದೆ. ವೈರಸ್ ಮೈಗೆ ಹೊಕ್ಕ ಮೇಲೆ ಲಕ್ಷಣ ಕಾಣೋಕೆ ಒಂದೆರಡು ವಾರ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಲಸಿಕೆ ಶಕ್ತಿ ಕೊಡೋಕೂ ಸುಮಾರು ಮೂರು ವಾರ ಬೇಕು. ಊರಿಗೆ ರೋಗ ಬಂದ ಮೇಲೆ ಸೂಜಿ ಹಾಕಿಸಿದ್ರೆ ಕೆಲವು ದನಗಳಲ್ಲಿ ವೈರಸ್ ಮೊದಲೇ ಕೂತಿರುತ್ತೆ. ತಪ್ಪು ಲಸಿಕೆಯದ್ದಲ್ಲ, ತಡವಾಗಿದ್ದು. ಒಂದೇ ಸೂಜಿಯನ್ನ ಹತ್ತು ದನಕ್ಕೆ ಚುಚ್ಚಿದ್ರಂತೂ ಅದೇ ರೋಗ ಹಂಚುತ್ತೆ, ಹುಷಾರು.

2022ರಲ್ಲಿ ಹಾಕಿದ್ದು ಮೇಕೆ ಸಿಡುಬಿನ ಲಸಿಕೆ. ಚರ್ಮಗಂಟು ರೋಗಕ್ಕೇ ಅಂತ ನಮ್ಮ ದೇಶದ ವಿಜ್ಞಾನಿಗಳು ತಯಾರಿಸಿದ ಲಸಿಕೆಗೆ 2025ರ ಫೆಬ್ರವರಿಯಲ್ಲಿ ಪರವಾನಗಿ ಸಿಕ್ಕಿದೆ. ಅದನ್ನ ತಯಾರಿಸೋ ಕಂಪನಿ ನಮ್ಮದೇ ರಾಜ್ಯದ ಮಾಲೂರಿನದು.

ಅಂಗಡಿಯವರಿಗೇನು ಸಂಬಂಧ?

ಬಹಳ ಇದೆ. ಹಾಲಿನ ಬಟವಾಡೆ ಆದ ದಿನ ಕಿರಾಣಿ ಅಂಗಡಿಯ ಉದ್ರಿ ತೀರುತ್ತೆ, ಹಿಂಡಿ, ಬೂಸಾ ಚೀಲ ಹೋಗುತ್ತೆ. ಆಕಳು ಮಲಗಿದ್ರೆ ಉದ್ರಿ ಪುಸ್ತಕ ದಪ್ಪ ಆಗುತ್ತೆ. ಹೋಟೆಲ್, ಚಹಾ ಅಂಗಡಿಯವರಿಗೆ ಇನ್ನೊಂದು ಮಾತು: ಈ ರೋಗ ಮನುಷ್ಯರಿಗೆ ಬರಲ್ಲ. ಚೆನ್ನಾಗಿ ಕುದಿಸಿದ ಹಾಲಿಗೆ ಭಯ ಬೇಡ. "ಗಂಟು ರೋಗದ ಊರಿನ ಹಾಲು ಬೇಡ" ಅಂತ ನೀವು ಅಂದ ದಿನವೇ ಆ ಊರಲ್ಲಿ ರೋಗ ಮುಚ್ಚಿಡೋಕೆ ಶುರು ಮಾಡ್ತಾರೆ.

ಈಗ ಆಗಬೇಕಾದ್ದು

ರೋಗ ಬರೋ ಮೊದಲೇ ಊರಿನ ಆರೋಗ್ಯವಂತ ದನಗಳಿಗೆಲ್ಲ ಲಸಿಕೆ ಹಾಕಿಸಬೇಕು. ಗಂಟು ಕಂಡ ದನವನ್ನ ಅವತ್ತೇ ಬೇರೆ ಕಟ್ಟಿ, 1962ಕ್ಕೆ ಫೋನ್ ಮಾಡಿ. ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿ, ಗಂಜಲ ನಿಲ್ಲದ ಹಾಗೆ ನೋಡ್ಕೊಳ್ಳಿ. ಸತ್ತ ದನವನ್ನ ಹಳ್ಳಕ್ಕೆ ಎಸೆಯಬೇಡಿ, ಸುಣ್ಣ ಹಾಕಿ ಆಳವಾಗಿ ಹೂಳಿ.

ಇದಿಷ್ಟು ರೈತರ ಪಾಲು. ಸರ್ಕಾರದ ಪಾಲೂ ಇದೆ. ಮೊದಲ ದಿನವೇ ಬಂದು ಹೇಳಿದವನಿಗೆ ಔಷಧಿ ಪೂರ್ತಿ ಉಚಿತ ಆಗಲಿ, ಇಳಿದ ಹಾಲಿಗೆ, ತಪ್ಪಿದ ಬಿತ್ತನೆಗೆ ಸ್ವಲ್ಪವಾದ್ರೂ ಆಸರೆ ಸಿಗಲಿ. ಹಾಲು ಸಂಘಗಳು "ರೋಗ ಹೇಳಿದವರ ಉಳಿದ ದನದ ಹಾಲು ನಿಲ್ಲಿಸಲ್ಲ" ಅಂತ ಬೋರ್ಡ್ ಹಾಕಲಿ. ಅಂಥ ಒಂದು ಬೋರ್ಡ್ ಅವತ್ತು ನಮ್ಮೂರ ಡೈರಿ ಮುಂದೆ ಇದ್ದಿದ್ರೆ ಅಪ್ಪ ನಾಲ್ಕು ದಿನ ಕಾಯ್ತಿರಲಿಲ್ಲ.