ಇಸಾಕನ ಬಾವಿ, ನಮ್ಮ ತಲಪರಿಗೆ

ಹಳೆಯ ಒಡಂಬಡಿಕೆಯ ಆದಿಕಾಂಡದಲ್ಲಿ ಅಬ್ರಹಾಮನ ಕಥೆಗೆ ಹತ್ತಾರು ಅಧ್ಯಾಯಗಳಿವೆ. ಮೊಮ್ಮಗ ಯಾಕೋಬನ ಕಥೆಯೂ ದೊಡ್ಡದೇ. ಇವರಿಬ್ಬರ ನಡುವೆ ಸಿಕ್ಕಿಕೊಂಡ ಇಸಾಕನಿಗೆ ತಾನೇ ಕಥಾನಾಯಕನಾಗಿ ನಿಲ್ಲಲು ಸಿಕ್ಕಿರುವುದು ಒಂದೇ ಅಧ್ಯಾಯ, 26ನೆಯದು. ಅದರಲ್ಲಿ ಯುದ್ಧವಿಲ್ಲ, ಸಮುದ್ರ ಇಬ್ಭಾಗವಾಗುವಂಥ ಪವಾಡವೂ ಇಲ್ಲ. ಆತ ಬಾವಿ ತೋಡಿಸುತ್ತಾನೆ, ಒಂದಾದ ಮೇಲೊಂದರಂತೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯವರಿಗೆ ಇಡೀ ಸತ್ಯವೇದದಲ್ಲಿ ಇದಕ್ಕಿಂತ ಹತ್ತಿರದ ಅಧ್ಯಾಯ ಇನ್ನೊಂದಿಲ್ಲ ಎಂದು ನನ್ನ ಅನಿಸಿಕೆ. ದೇವರು ಬಂಡೆಯಿಂದ ಜೇನು ಉಣಿಸಿದ ಎಂಬ ಮಾತು ಧರ್ಮೋಪದೇಶಕಾಂಡದಲ್ಲಿ ಬರುತ್ತದೆ. ಮಧುಗಿರಿಯವರು ಅದನ್ನು ತಮ್ಮ ಊರಿಗೇ ಹೇಳಿದ್ದು ಎಂದುಕೊಂಡರೆ ತಪ್ಪೇನಿಲ್ಲ. ಆದರೆ ಜೇನಿಗೆ ಮೊದಲು ನೀರಿನ ಮಾತಾಗಲಿ.

ಕಥೆ ಶುರುವಾಗುವುದೇ ಬರಗಾಲದಿಂದ. ಈಜಿಪ್ಟಿನಲ್ಲಿ ನೈಲ್ ನದಿ ಇದೆ, ಅಲ್ಲಿಗೆ ಹೋದರೆ ಹೊಟ್ಟೆಪಾಡಿಗೆ ಮೋಸವಿಲ್ಲ. ಗುಳೆ ಹೋಗುವ ನಮ್ಮವರಿಗೆ ಬೆಂಗಳೂರು ಇದ್ದ ಹಾಗೆ. ದೇವರು ಮಾತ್ರ ಇಸಾಕನಿಗೆ ಈಜಿಪ್ಟಿಗೆ ಹೋಗಬೇಡ, ಇಲ್ಲಿಯೇ ಇರು ಎನ್ನುತ್ತಾನೆ. ಆತ ಗೆರಾರಿನಲ್ಲಿ ನಿಂತು ಬಿತ್ತುತ್ತಾನೆ. ಆ ವರ್ಷ ಬೆಳೆ ಒಂದಕ್ಕೆ ನೂರು. ಕುರಿ, ದನ, ಆಳುಕಾಳು ಹೆಚ್ಚಿದಂತೆ ನೆರೆಯವರ ಹೊಟ್ಟೆಕಿಚ್ಚೂ ಹೆಚ್ಚಿತು. ಅಬ್ರಹಾಮನ ಕಾಲದಲ್ಲಿ ತೋಡಿದ್ದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ತುಂಬಿ ಮುಚ್ಚಿಬಿಟ್ಟರು. ನೀನು ನಮಗಿಂತ ಬಲಿತುಬಿಟ್ಟೆ, ಇಲ್ಲಿಂದ ಹೊರಡು ಎಂದ ಅರಸ ಅಬೀಮೆಲೆಕ. ಇಸಾಕ ಗೆರಾರಿನ ಕಣಿವೆಗೆ ಬಂದು ಡೇರೆ ಹಾಕಿದ. ತಂದೆಯ ಕಾಲದ ಬಾವಿಗಳ ಮಣ್ಣು ತೆಗೆಸಿ, ತಂದೆ ಕರೆದಿದ್ದ ಹೆಸರುಗಳಿಂದಲೇ ಮತ್ತೆ ಕರೆದ. ಆಮೇಲೆ ಆಳುಗಳು ಹೊಸದೊಂದು ಬಾವಿ ತೋಡಿದರು, ಉಕ್ಕುವ ಒರತೆ ಸಿಕ್ಕಿತು. ಅಲ್ಲಿನ ದನಗಾಹಿಗಳು ಈ ನೀರು ನಮ್ಮದು ಎಂದು ಜಗಳಕ್ಕೆ ಬಂದರು. ಆ ಬಾವಿಗೆ ಏಸೆಕ್ ಎಂಬ ಹೆಸರಾಯಿತು, ಎಂದರೆ ಜಗಳ. ಇನ್ನೊಂದು ತೋಡಿದರು, ಅಲ್ಲಿಯೂ ತಂಟೆ. ಅದು ಸಿಟ್ನಾ, ಹಗೆತನ. ಸೈತಾನ ಎಂಬ ಶಬ್ದ ಹುಟ್ಟಿದ ಹೀಬ್ರೂ ಧಾತುವೇ ಇದಕ್ಕೂ ಮೂಲ. ಮೂರನೆಯ ಬಾವಿಗೆ ಯಾರೂ ತಕರಾರು ತೆಗೆಯಲಿಲ್ಲ. ಅದಕ್ಕೆ ರೆಹೋಬೋತ್ ಎಂದು ಹೆಸರಿಟ್ಟ, ವಿಶಾಲವಾದ ಸ್ಥಳ ಎಂದರ್ಥ.

ನಮ್ಮ ಪ್ರಸಂಗಗಳಲ್ಲಿ ಈ ಕಥೆಗೆ ಸಾಮಾನ್ಯವಾಗಿ ಒಂದೇ ಅರ್ಥ. ಜಗಳವಾಡಬೇಡ, ಬಿಟ್ಟುಕೊಡು, ಮುಂದೆ ನಡೆ, ದೇವರು ನಿನಗೆ ರೆಹೋಬೋತ್ ಕೊಡುತ್ತಾನೆ. ಒಳ್ಳೆಯ ಮಾತೇ. ಹೀಗೊಂದು ಪ್ರಸಂಗ ಕೇಳಿ ಹೊರಗೆ ಬಂದ ಮಧುಗಿರಿ ತಾಲ್ಲೂಕಿನ ರೈತರೊಬ್ಬರು ಹಿಂದೊಮ್ಮೆ ನನ್ನನ್ನು ನಿಲ್ಲಿಸಿಕೊಂಡು ಕೇಳಿದರು: "ಅಲ್ಲಾ ಮೇಷ್ಟ್ರೇ, ಇಸಾಕನಂಗೆ ಬಿಟ್ಟು ಹೋಗು ಅಂತಾರಲ್ಲ, ಎಲ್ಲಿಗೆ ಹೋಗೋದು? ಅವನಿಗೆ ಕಣಿವೆ ಇತ್ತು. ನನಗಿರೋದು ಒಂದೆಕರೆ ಹತ್ತು ಗುಂಟೆ."

ಅವರದು ಊರೂರಲ್ಲೂ ಇರುವ ಕಥೆ. ಅಪ್ಪನ ಜಮೀನು ಅಣ್ಣತಮ್ಮಂದಿರಲ್ಲಿ ಪಾಲಾಯಿತು. ಅಣ್ಣನ ಕೊಳವೆಬಾವಿ 480 ಅಡಿಯದು. ತಮ್ಮ ಬದುವಿನ ಆಚೆ 800 ಅಡಿ ಕೊರೆಸಿದ. ಮರುಬೇಸಿಗೆಗೆ ಅಣ್ಣನ ಮೋಟಾರು ಗಾಳಿ ಎಳೆಯತೊಡಗಿತು. ಈಗ ಸಾಲ ಮಾಡಿ ಸಾವಿರ ಅಡಿ ಕೊರೆಸುವುದೋ, ತಮ್ಮನ ಮೇಲೆ ಕೇಸು ಹಾಕುವುದೋ, ಇಸಾಕನಂತೆ ಸುಮ್ಮನಾಗುವುದೋ? ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ಆ ಮನೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟು ಎರಡು ವರ್ಷವಾಗಿತ್ತು. ಕ್ರಿಸ್‌ಮಸ್ಸಿನ ದಿನ ಒಂದೇ ದೇವಾಲಯದಲ್ಲಿ ಕೂತು ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದರು.

ಅವರ ಮಾತಿನಲ್ಲಿ ವಿಜ್ಞಾನವೂ ಇದೆ. ಇಸಾಕನ ಕಾಲದ ಬಾವಿ ಕೈಯಿಂದ ತೋಡಿದ್ದು. ಹಗ್ಗಕ್ಕೆ ತೊಗಲಿನ ಚೀಲ ಕಟ್ಟಿ ಸೇದುವುದು. ಸೇದುವ ತೋಳು ಸೋತಾಗ ಬಾವಿಗೂ ವಿಶ್ರಾಂತಿ. ಬೇರ್ಷೆಬದ ಹಳೆಯ ದಿಬ್ಬದಲ್ಲಿ ಪಟ್ಟಣದ ಬಾಗಿಲ ಹೊರಗೆ ಉತ್ಖನನದಲ್ಲಿ ಸಿಕ್ಕ ಪುರಾತನ ಬಾವಿಯೊಂದರ ಆಳ ಸುಮಾರು 69 ಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು 225 ಅಡಿ. ಆ ಕಾಲಕ್ಕೆ ಅದು ಭಗೀರಥ ಪ್ರಯತ್ನವೇ ಸರಿ. ನಮ್ಮಲ್ಲಿ ಇವತ್ತು ರಿಗ್ ಲಾರಿ ಒಂದೇ ರಾತ್ರಿಯಲ್ಲಿ ಅದರ ಮೂರು ಪಟ್ಟು ಇಳಿಯುತ್ತದೆ. ಈ ಸೀಮೆಯ ನೆಲ ಗ್ರಾನೈಟ್ ಮತ್ತು ನೈಸ್ ಕಲ್ಲಿನದು. ಕಲ್ಲಿನ ಒಳಗೆ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಅಣ್ಣನ ಬಾವಿಗೂ ತಮ್ಮನ ಬಾವಿಗೂ ಬಿರುಕು ಒಂದೇ ಆಗಿದ್ದರೆ, ಒಂದು ಎಳನೀರಿಗೆ ಎರಡು ಕೊಳವೆ ಹಾಕಿದಂತೆ. ಉದ್ದದ ಕೊಳವೆಯವನಿಗೆ ಕೊನೆಯ ಗುಟುಕು. ಬದು ಇರುವುದು ಮೇಲೆ, ಕೆಳಗೆ ಬದುವಿಲ್ಲ.

ಶಾಲೆಯಲ್ಲಿ ಮಕ್ಕಳಿಗೆ ಮಾಡಿಸುವ ಒಂದು ಲೆಕ್ಕವನ್ನು ಇಲ್ಲಿಯೂ ಮಾಡೋಣ. ನಮ್ಮ ಕಡೆಯ ವರ್ಷದ ಮಳೆ ಸುಮಾರು 550 ಮಿಲಿಮೀಟರ್ ಎಂದು ಹಿಡಿಯಿರಿ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಅಲ್ಲಿಗೆ ಎಕರೆಗೆ ಬೀಳುವ ನೀರು ಸುಮಾರು 22 ಲಕ್ಷ ಲೀಟರ್. ಅದರಲ್ಲಿ ಆವಿಯಾಗಿ, ಹರಿದುಹೋಗಿ, ಗಿಡ ಕುಡಿದು, ಕಲ್ಲುನೆಲದಲ್ಲಿ ಆಳಕ್ಕೆ ಇಳಿಯುವುದು ಹತ್ತರಲ್ಲೊಂದು ಪಾಲು ಎಂದರೆ 2.2 ಲಕ್ಷ ಲೀಟರ್. ಗಂಟೆಗೆ 5,000 ಲೀಟರ್ ಎತ್ತುವ ಮೋಟಾರು ದಿನಕ್ಕೆ ಆರು ಗಂಟೆ ಓಡಿದರೆ 30,000 ಲೀಟರ್. ಒಂದು ಎಕರೆಯ ಇಡೀ ವರ್ಷದ ಪಾಲು ಏಳು ಚಿಲ್ಲರೆ ದಿನಕ್ಕೆ ಮುಗಿಯಿತು! ಎಂಟನೆಯ ದಿನದಿಂದ ನಾವು ಎತ್ತುವುದು ನೆರೆಯವನ ನೀರು, ಅಥವಾ ಅಜ್ಜನ ಕಾಲದ ನೀರು. ಬೇರ್ಷೆಬದಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರಿನ ಆಸುಪಾಸು ಎಂಬುದನ್ನೂ ಗಮನಿಸಿ. ಮಳೆಯ ವಿಷಯದಲ್ಲಿ ಇಸಾಕನಿಗಿಂತ ನಾವೇ ಭಾಗ್ಯವಂತರು.

ಅಜ್ಜನ ಕಾಲದ ನೀರು ರುಚಿಯದೂ ಅಲ್ಲ. ಕಲ್ಲಿನ ಸಂದಿಯಲ್ಲಿ ನೀರು ಹೆಚ್ಚು ಕಾಲ ಕೂತಷ್ಟೂ ಕಲ್ಲಿನೊಳಗಿನ ಫ್ಲೋರೈಡ್ ಅದಕ್ಕೆ ಇಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ಯೋಗ್ಯವಲ್ಲ. ಪಾವಗಡದ ಹಳ್ಳಿಗಳ ಮಕ್ಕಳ ಹಲ್ಲಿನ ಕಂದು ಕಲೆ, ಮುದುಕರ ಬಗ್ಗದ ಮಂಡಿ ಇದರ ಫಲ. ಕುದಿಸಿ ಕುಡಿದರೆ ಸರಿಹೋಗುತ್ತದೆ ಎಂದು ಈಗಲೂ ನಂಬುವವರಿದ್ದಾರೆ. ಕುದಿಸಿದರೆ ನೀರು ಇಂಗುತ್ತದೆ, ಫ್ಲೋರೈಡ್ ಉಳಿಯುತ್ತದೆ. ವಿಮೋಚನಕಾಂಡದಲ್ಲಿ ಮಾರಾ ಎಂಬಲ್ಲಿ ನೀರು ಕಹಿಯಾಗಿತ್ತು, ಮೋಶೆ ಒಂದು ಮರದ ಕೊರಡನ್ನು ಹಾಕಿದ ಮೇಲೆ ಸಿಹಿಯಾಯಿತು ಎಂದಿದೆ. ನಮ್ಮ ಹಿರಿಯರು ಚಿಲ್ಲದ ಬೀಜ ತೇಯ್ದು ಬಗ್ಗಡದ ನೀರನ್ನು ತಿಳಿ ಮಾಡುತ್ತಿದ್ದರು. ಫ್ಲೋರೈಡಿಗೆ ಅಂಥ ಬೀಜವೂ ಇಲ್ಲ, ಕೊರಡೂ ಇಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ಕಹಿಯೂ ಇಲ್ಲದ್ದರಿಂದ ಅದು ಮಾರಾಕ್ಕಿಂತ ಅಪಾಯಕಾರಿ. ಸಿಟ್ನಾ ಎಂಬ ಹೆಸರು ಸಾವಿರ ಅಡಿಯ ಕೊಳವೆಬಾವಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಈ ಕಾರಣಕ್ಕೆ ನನಗೆ ಇಸಾಕನ ಕಥೆಯಲ್ಲಿ ಏಸೆಕ್, ಸಿಟ್ನಾ, ರೆಹೋಬೋತ್‌ಗಳಿಗಿಂತ ಅದಕ್ಕೆ ಹಿಂದಿನ ಒಂದು ವಾಕ್ಯವೇ ಮುಖ್ಯವಾಗಿ ಕಾಣುತ್ತದೆ. ಪ್ರಸಂಗ ಮಾಡುವವರು ಅದನ್ನು ದಾಟಿ ಓಡುತ್ತಾರೆ. ಆತ ಹೊಸ ಬಾವಿ ತೋಡುವ ಮೊದಲು ಮುಚ್ಚಿಹೋಗಿದ್ದ ಹಳೆಯ ಬಾವಿಗಳನ್ನು ತೆಗೆಸಿದ.

ನಮ್ಮಲ್ಲಿ ಮುಚ್ಚಿಹೋಗಿರುವುದು ತಲಪರಿಗೆಗಳು. ಈ ನಾಲ್ಕು ತಾಲ್ಲೂಕು ಮತ್ತು ಆಂಧ್ರದ ಗಡಿಯಿಂದ ಆಚೆಗೆ ಈ ಮಾತು ಅಷ್ಟಾಗಿ ಗೊತ್ತಿಲ್ಲದ್ದರಿಂದ ವಿವರಿಸುತ್ತೇನೆ. ಬೆಟ್ಟದ ತಪ್ಪಲು, ಕೆರೆಯ ಹಿಂದುಮುಂದು, ಹಳ್ಳದ ಅಂಚು, ಇಂಥ ಕಡೆ ಮರಳು ಬೆರೆತ ನೆಲದಲ್ಲಿ ಮಳೆ ಇಂಗುತ್ತದೆ. ಕೆಳಗೆ ಗಟ್ಟಿ ಪದರ ಅಡ್ಡಬಂದಾಗ ನೀರು ಪಕ್ಕಕ್ಕೆ ಸರಿದು ತಗ್ಗಿನಲ್ಲಿ ಒರತೆಯಾಗಿ ಮೇಲೆ ಬರುತ್ತದೆ. ಅಲ್ಲಿ ಕೆಲವು ಅಡಿ ತೋಡಿ ಹೊಂಡ ಮಾಡಿ ಕಾಲುವೆ ತೆಗೆದರೆ ನೀರು ತಾನಾಗಿ ಗದ್ದೆಗೆ ಹರಿಯುತ್ತದೆ. ಮೋಟಾರಿಲ್ಲ, ಕರೆಂಟಿಲ್ಲ. ವರ್ಷಕ್ಕೊಮ್ಮೆ ಅಚ್ಚುಕಟ್ಟಿನವರು ಮನೆಗೊಂದಾಳು ಬಂದು ಹೂಳೆತ್ತಬೇಕು, ಸರದಿಯಂತೆ ನೀರು ಹಾಯಿಸಿಕೊಳ್ಳಬೇಕು. ಬಂದದ್ದು ಎಳೆಯ ನೀರಾದ್ದರಿಂದ ಸಾಮಾನ್ಯವಾಗಿ ಅದರಲ್ಲಿ ಫ್ಲೋರೈಡಿನ ಕಾಟವೂ ಕಡಿಮೆ. ಪರಿಸರ ಬರಹಗಾರರಾದ ಮಲ್ಲಿಕಾರ್ಜುನ ಹೊಸಪಾಳ್ಯ ಅವರು ಊರೂರು ತಿರುಗಿ ಇವುಗಳನ್ನು ದಾಖಲಿಸಿರದಿದ್ದರೆ ಎಷ್ಟೋ ತಲಪರಿಗೆಗಳ ಹೆಸರೂ ನಮಗೆ ಉಳಿಯುತ್ತಿರಲಿಲ್ಲ. ಹೆಸರು ಉಳಿಯುವುದು ಸಣ್ಣ ಮಾತಲ್ಲ. ಇಸಾಕ ಹಳೆಯ ಹೆಸರುಗಳನ್ನೇ ಇಟ್ಟದ್ದು ಸುಮ್ಮನೆ ಅಲ್ಲ. ಹೆಸರಿರುವ ಬಾವಿಗೆ ಮಣ್ಣು ಸುರಿಯುವವನು ಒಂದು ಕ್ಷಣವಾದರೂ ಅತ್ತಿತ್ತ ನೋಡುತ್ತಾನೆ.

ಅಬ್ರಹಾಮನ ಬಾವಿಗಳನ್ನು ಮುಚ್ಚಿದವರು ಹೊಟ್ಟೆಕಿಚ್ಚಿನ ಫಿಲಿಷ್ಟಿಯರು. ನಮ್ಮ ತಲಪರಿಗೆಗಳಿಗೆ ಯಾವ ಶತ್ರುವೂ ಬರಬೇಕಾಗಲಿಲ್ಲ. ಕೊಳವೆಬಾವಿ ಬಂದ ಮೇಲೆ ಹೂಳೆತ್ತಲು ಯಾರೂ ಬರಲಿಲ್ಲ. ಜಯಮಂಗಲಿಯ ಮರಳು ಲಾರಿಯಲ್ಲಿ ಹೋಯಿತು. ನೀರನ್ನು ಹಿಡಿದಿಟ್ಟುಕೊಳ್ಳುತ್ತಿದ್ದ ಸ್ಪಂಜೇ ಹೋದಂತೆ. ಉಳಿದ ಸೇದುವ ಬಾವಿಗಳಿಗೆ ಊರಿನ ಕಸ ಬಿತ್ತು. ಕೆಲವು ಕಡೆ ಹೂಳೆತ್ತಿದ ಮೇಲೆ ಒರತೆ ಮತ್ತೆ ಕಂಡದ್ದೂ ಉಂಟು. ಎಲ್ಲ ಕಡೆಯೂ ಹಾಗಾಗುತ್ತದೆ ಎಂದು ಹೇಳಲಾರೆ. ಸುತ್ತ ನೂರು ಕೊಳವೆಬಾವಿಗಳು ಓಡುತ್ತಿರುವಾಗ ನಾಲ್ಕು ಜನ ಗುದ್ದಲಿ ಹಿಡಿದ ಮಾತ್ರಕ್ಕೆ ಒರತೆ ಉಕ್ಕುವುದಿಲ್ಲ.

ಗುದ್ದಲಿಯ ಮಾತು ಬಂತು. ಇಸಾಕನ ಬಾವಿ ಎನ್ನುತ್ತೇವೆ. ತೋಡಿದವರು ಇಸಾಕನ ಆಳುಗಳು ಎಂದು ಮೂಲದಲ್ಲಿ ಸ್ಪಷ್ಟವಾಗಿಯೇ ಇದೆ. ಯಜಮಾನ ಒಂದು ಬಾವಿ ಬಿಟ್ಟುಕೊಟ್ಟು ದೊಡ್ಡವನಾದಾಗಲೆಲ್ಲ ಅವರ ಬೆನ್ನಿಗೆ ಇನ್ನೊಂದು ಬಾವಿಯ ಮಣ್ಣು. ತಾನು ತೋಡಿದ ಬಾವಿಯ ನೀರನ್ನು ತಾನೇ ಮುಟ್ಟುವಂತಿಲ್ಲದ ಜನ ನಮ್ಮ ಊರುಗಳಲ್ಲೂ ಇದ್ದರು. ಮಹಾಡದ ಚವದಾರ್ ಕೆರೆಯ ನೀರನ್ನು ಅಂಬೇಡ್ಕರರು ಬೊಗಸೆಯಲ್ಲಿ ಎತ್ತಿ ಕುಡಿದದ್ದು 1927ರಲ್ಲಿ. ಯೋಹಾನನ ಸುವಾರ್ತೆಯಲ್ಲಿ ಯೇಸು ಯಾಕೋಬನ ಬಾವಿಯ ಬಳಿ ಸಮಾರ್ಯದ ಹೆಂಗಸಿನ ಹತ್ತಿರ ನೀರು ಕೇಳಿದಾಗ ಆಕೆಗೆ ಆಶ್ಚರ್ಯವಾದದ್ದು, ಯೆಹೂದ್ಯನಾದ ಇವನು ತನ್ನ ಕೈಯ ನೀರು ಹೇಗೆ ಕುಡಿದಾನು ಎಂದು. ಗೆರಾರಿನ ಬಾವಿಯಲ್ಲಿ ಉಕ್ಕಿದ ಒರತೆಗೆ ಹೀಬ್ರೂ ಮೂಲದಲ್ಲಿರುವ ಮಾತು ಜೀವವುಳ್ಳ ನೀರು ಎಂದು. ಆತ ಆ ಹೆಂಗಸಿಗೆ ಕೊಡುತ್ತೇನೆಂದದ್ದೂ ಅದೇ ಜೀವಜಲ. ಯಾರು ಸೇದಿದರು, ಯಾರು ಮುಟ್ಟಿದರು ಎಂದು ಕೇಳಿ ಕುಡಿಯುವ ನೀರು ಅದಲ್ಲ. ತಲಪರಿಗೆಯನ್ನು ಮತ್ತೆ ತೆಗೆಯುವುದಾದರೆ ಹಳೆಯ ಕಟ್ಟಳೆಗಳನ್ನೆಲ್ಲ ಅದರ ಜೊತೆಗೇ ಮೇಲೆತ್ತಬೇಕಾಗಿಲ್ಲ.

ಕಥೆಯ ಕೊನೆಯನ್ನು ಹೇಳಲಿಲ್ಲ. ಇಸಾಕ ಬೇರ್ಷೆಬಕ್ಕೆ ಹೋದ ಮೇಲೆ ಅದೇ ಅಬೀಮೆಲೆಕ ತನ್ನ ಸೇನಾಪತಿಯನ್ನು ಕರೆದುಕೊಂಡು ಅಲ್ಲಿಗೆ ಬರುತ್ತಾನೆ. ಇಸಾಕ ಹಲ್ಲು ಕಿರಿದು ಸ್ವಾಗತಿಸುವುದಿಲ್ಲ. ನನ್ನನ್ನು ದ್ವೇಷಿಸಿ ಹೊರಗೆ ಹಾಕಿದವರು ಈಗ ಯಾಕೆ ಬಂದಿರಿ ಎಂದು ಮುಖಕ್ಕೇ ಕೇಳುತ್ತಾನೆ. ಅವರು ಒಪ್ಪಂದಕ್ಕೆ ಬಂದೆವು ಎನ್ನುತ್ತಾರೆ. ಆಮೇಲೆ ಔತಣ, ಬೆಳಗ್ಗೆ ಪ್ರಮಾಣ, ಸಮಾಧಾನದ ಬೀಳ್ಕೊಡುಗೆ. ಅದೇ ದಿನ ಆಳುಗಳು ಬಂದು ನೀರು ಸಿಕ್ಕಿತು ಎನ್ನುತ್ತಾರೆ. ಬಿಟ್ಟುಕೊಡುವವನು ಬಾಯಿ ಹೊಲಿದುಕೊಂಡಿರಬೇಕು ಎಂದು ಈ ಅಧ್ಯಾಯದಲ್ಲಿ ಎಲ್ಲಿಯೂ ಇಲ್ಲ.

ಆ ರೈತರಿಗೆ ನಾನು ಹೇಳಿದ್ದು ಇದನ್ನೇ. ಸಾವಿರ ಅಡಿ ಕೊರೆಸಬೇಡಿ, ಸುಮ್ಮನೂ ಇರಬೇಡಿ, ಹೋಗಿ ಯಾಕೆ ಹೀಗೆ ಮಾಡಿದೆ ಎಂದು ತಮ್ಮನನ್ನು ಕೇಳಿ ಎಂದೆ. ಅವರು ಹೋಗಲಿಲ್ಲ. ಹೋದವರು ಅವರ ಹೆಂಡತಿ. ಓರಗಿತ್ತಿಯರಿಬ್ಬರೂ ಮಾತಾಡಿ, ಆಮೇಲೆ ಸಭೆಯ ಹಿರಿಯರಿಬ್ಬರನ್ನು ಕೂರಿಸಿ, ವಾರದಲ್ಲಿ ಮೂರು ರಾತ್ರಿ ತಮ್ಮನ ಬಾವಿಯ ನೀರು ಅಣ್ಣನ ಹೊಲಕ್ಕೆ ಎಂದು ಗೊತ್ತುಮಾಡಿದರು. ಭತ್ತದ ಆಸೆ ಇಬ್ಬರೂ ಬಿಡಬೇಕು, ರಾಗಿ ಮತ್ತು ಕಡಲೆಕಾಯಿ ಸಾಕು ಎಂಬುದು ಕರಾರು. ಈಚೆಗೆ ಸಂತೆಯಲ್ಲಿ ಅಣ್ಣ ಸಿಕ್ಕಿದ್ದರು. ಮೋಟಾರು ಎರಡು ಸಲ ಸುಟ್ಟಿತಂತೆ, ರಿವೈಂಡಿಂಗ್ ದುಡ್ಡನ್ನು ಇಬ್ಬರೂ ಅರ್ಧರ್ಧ ಹಾಕಿದರಂತೆ. ಮಾತುಕತೆ ಹೇಗಿದೆ ಎಂದು ಕೇಳಿದೆ.

"ಅಷ್ಟಕ್ಕಷ್ಟೇ ಮೇಷ್ಟ್ರೇ," ಎಂದರು. "ಗೇಟ್‌ವಾಲ್ವ್ ತಿರುಗಿಸೋಕೆ ಬಂದಾಗ ಮಾತಾಡಲೇಬೇಕಲ್ಲ."